ಹೊಸ ಪುಸ್ತಕದಲ್ಲಿ ಹಳೇ ಪಾಠ

ಟಿ. ನರಸೀಪುರದ ಸುತ್ತಮುತ್ತ ಕೋಮಲ ಮಿಸ್ ಎಂದರೆ ಐದು ತುಂಬುವುದರೊಳಗೆ ಮಕ್ಕಳಿಂದ ಇಂಗ್ಲಿಷ್ ಓದಿಸುವವಳು ಎಂಬ ಹೆಸರಿತ್ತು. ಬಸ್ ನಿಲ್ದಾಣದಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಒಂದು ಖಾಸಗಿ ಶಾಲೆ. ಅಲ್ಲಿ ಅವಳು ಎಲ್‌ಕೆಜಿ, ಯುಕೆಜಿ ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಮುಡುಕುತೊರೆ ಕಡೆಯಿಂದ, ಮೂಗೂರು ಕಡೆಯಿಂದ ವ್ಯಾನುಗಳು ಬಂದು ಗೇಟಿನ ಮುಂದೆ ನಿಲ್ಲುತ್ತಿದ್ದವು. ಕೊರಳಿಗೆ ಟೈ ಬಿಗಿಸಿಕೊಂಡು, ಒಬ್ಬ ಅಳುತ್ತಾ, ಇನ್ನೊಬ್ಬಳು ನಿದ್ದೆಗಣ್ಣಲ್ಲಿ ಇಳಿಯುವ ಮಕ್ಕಳನ್ನು ಕೈಹಿಡಿದು ಒಳಗೆ ಕರೆದೊಯ್ಯುವುದು ಅವಳೇ. ಆಯಾ ಇದ್ದರೂ ಆ ಕೆಲಸವನ್ನು ಬಿಟ್ಟುಕೊಟ್ಟವಳಲ್ಲ.

ಅವಳ ಹೆಸರು ಊರ ತುಂಬ ಹರಡಿದ್ದು ಒಂದು ವಾರ್ಷಿಕೋತ್ಸವದ ದಿನ. ಮುಡುಕುತೊರೆಯ ಮದನ್ ಎಂಬ ಹುಡುಗ ಆಗ ಎಲ್‌ಕೆಜಿ. ಮೈಕು ಎಟುಕಲೆಂದು ಅವನನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಲ್ಲಿಸಿ ಕೈಗೆ ಇಂಗ್ಲಿಷ್ ರೀಡರ್ ಕೊಟ್ಟಳು. ಅವನು ಒಂದೊಂದು ಪದದ ಕೆಳಗೂ ಬೆರಳಿಟ್ಟುಕೊಂಡು, ಎಲ್ಲೂ ತಡವರಿಸದೆ ಎರಡು ಪಾಠ ಓದಿ ಮುಗಿಸಿದ. ಮುಂದಿನ ಸಾಲಿನಲ್ಲಿದ್ದ ಅವನ ಅಜ್ಜಿ ಪುಟ್ಟಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರೋ ಫೋನಿನಲ್ಲಿ ಹಿಡಿದ ಆ ವಿಡಿಯೊ ಕಬ್ಬು ಬೆಳೆಯುವವರ ವಾಟ್ಸಾಪ್ ಗುಂಪಿನಿಂದ ಹಿಡಿದು ತಾಲ್ಲೂಕು ಕಚೇರಿಯವರ ಗುಂಪಿನವರೆಗೆ ಓಡಾಡಿತು. ಶಾಲೆಯ ಮಾಲೀಕ ಬಸವಪ್ರಸಾದ್ ಮದನ್‌ನ ಫೋಟೊ ಹಾಕಿಸಿ ದೊಡ್ಡ ಫ್ಲೆಕ್ಸ್ ಕಟ್ಟಿಸಿದ. ಆ ವರ್ಷ ಮೇ ತಿಂಗಳಲ್ಲೇ ನರ್ಸರಿಯ ಸೀಟು ತುಂಬಿತು.

ಕೋಮಲಳಿಗೆ ಇದು ಬರಿಯ ಹೆಸರಿನ ಮಾತಾಗಿರಲಿಲ್ಲ. ಓದನ್ನು ಬೇಗ ಹಿಡಿಸಬೇಕು ಎಂಬುದು ಅವಳು ಅಪ್ಪನಿಂದ ಪಡೆದ ನಂಬಿಕೆ. ಅವಳದು ನಂಜನಗೂಡು ತಾಲ್ಲೂಕಿನ ಹೆಡತಲೆ. ಅಪ್ಪ ಮಹದೇವಯ್ಯನಿಗೆ ಚಿಕ್ಕಂದಿನಲ್ಲಿ ಸ್ಕೂಲು ಸಿಕ್ಕಿರಲಿಲ್ಲ. ದನ ಮೇಯಿಸಿದ್ದ, ಆಮೇಲೆ ಚಿಕ್ಕಯ್ಯನಛತ್ರದ ಸಾಮಿಲ್ಲಿನಲ್ಲಿ ಮರ ಎತ್ತಿದ್ದ. ಆದರೆ ಮಗಳಿಗೆ ಮೂರು ತುಂಬಿದ ದಿನದಿಂದಲೇ ಅಕ್ಷರ ಹಿಡಿಸಲು ಕೂತ. ಬುದ್ಧ, ಬಾಬಾಸಾಹೇಬರ ಪಟ ತೂಗುಹಾಕಿದ್ದ ಗೋಡೆಯ ಕೆಳಗೆ ಅವಳನ್ನು ಕೂರಿಸಿಕೊಂಡು, ಸ್ಲೇಟಿನ ಮೇಲೆ ಅವಳ ಕೈಮೇಲೆ ಕೈಯಿಟ್ಟು ತಿದ್ದಿಸುತ್ತಿದ್ದ. ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ನಂಜನಗೂಡಿಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ಒಂದನೇ ಕ್ಲಾಸಿಗೆ ಸೇರುವ ಹೊತ್ತಿಗೆ ಅವಳು ಪೇಪರ್ ಓದುತ್ತಿದ್ದಳು. ಡಿ.ಎಡ್ ಮುಗಿಸಿ ಮೇಡಂ ಆದವಳು ಅವರ ಕೇರಿಯಲ್ಲಿ ಅವಳೇ ಮೊದಲು. ಹಾಗಾಗಿ ಮೂರು ವರ್ಷದ ಮಕ್ಕಳಿಗೆ ಓದಿಸಬಾರದು ಎಂದು ಯಾವ ತರಬೇತಿಯಲ್ಲಿ ಯಾರು ಹೇಳಿದರೂ ಅವಳು ತಲೆ ಅಲ್ಲಾಡಿಸಿ ಬಂದುಬಿಡುತ್ತಿದ್ದಳು.

ಮದನ್ ಯುಕೆಜಿಗೆ ಬಂದ ಜೂನ್ ತಿಂಗಳಲ್ಲಿ ಅದು ನಡೆಯಿತು. ಮೊದಲ ಎರಡು ವಾರ ಹಿಂದಿನ ವರ್ಷದ ಪಾಠವನ್ನೇ ಮತ್ತೊಮ್ಮೆ ಓದಿಸುವುದು ವಾಡಿಕೆ. ಮಕ್ಕಳ ಹಳೇ ರೀಡರುಗಳು ರಜೆಯಲ್ಲಿ ಹರಿದು ಹಾಳಾಗಿದ್ದವು. ಎಲ್‌ಕೆಜಿಗೆಂದು ಬಂದಿದ್ದ ಹೊಸ ಪುಸ್ತಕಗಳ ಕಟ್ಟನ್ನೇ ಬಿಚ್ಚಿ ಅವಳು ಎಲ್ಲರಿಗೂ ಹಂಚಿದಳು. ಹೊದಿಕೆ ಅದೇ, ಬಣ್ಣ ಅದೇ. ಒಳಗಿನ ಪಾಠಗಳನ್ನು ಪ್ರಕಾಶಕರು ಬದಲಾಯಿಸಿದ್ದು ಅವಳಿಗೆ ಗೊತ್ತಿರಲಿಲ್ಲ.

"ಐದನೇ ಪಾಠ ತೆಗೀರಿ" ಎಂದಳು.

ಇಡೀ ತರಗತಿ ಒಂದೇ ದನಿಯಲ್ಲಿ ಶುರುಮಾಡಿತು. "ದಿಸ್ ಈಸ್ ಎ ಹೆನ್. ದಿ ಹೆನ್ ಈಸ್ ಆನ್ ದಿ ಬಾಕ್ಸ್."

ಕೋಮಲ ಬೆಂಚುಗಳ ನಡುವೆ ನಡೆಯುತ್ತಿದ್ದವಳು ಪುಸ್ತಕವೊಂದರ ಕಡೆ ಬಗ್ಗಿ ನೋಡಿದಳು. ಪುಟದಲ್ಲಿ ಕೋಳಿ ಇರಲಿಲ್ಲ. ನೀಲಿ ನೀರು, ಅದರ ಮೇಲೊಂದು ದೋಣಿ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದದ್ದು ಇದು ನನ್ನ ದೋಣಿ, ದೋಣಿ ದೊಡ್ಡದು ಎಂದು. ಮಕ್ಕಳು ಅದರ ಮೇಲೆ ಬೆರಳಿಟ್ಟುಕೊಂಡೇ ಕೋಳಿಯ ಪಾಠ ಹೇಳುತ್ತಿದ್ದರು. ಹೊಸ ಸಾಲು ಹಳೆಯದಕ್ಕಿಂತ ಚಿಕ್ಕದು. ಮದನ್‌ನ ಬೆರಳು ಪದಗಳನ್ನು ದಾಟಿ, ಪುಟದ ಅಂಚನ್ನು ದಾಟಿ, ಡೆಸ್ಕಿನ ಮರದ ಮೇಲೆ ಬಂದಿತ್ತು. ಅವನು ಅಲ್ಲೂ ಓದುತ್ತಲೇ ಇದ್ದ.

ಅವಳಿಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಒಬ್ಬ ಹುಡುಗ ಮಾತ್ರ ಬಾಯಿ ಮುಚ್ಚಿಕೊಂಡಿದ್ದ. ರಾಹುಲ್. ಬಸ್ ನಿಲ್ದಾಣದ ಪಕ್ಕದಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದ ರವಿಕುಮಾರನ ಮಗ. ಗುಂಪಿನಲ್ಲಿ ಓದುವಾಗ ಯಾವಾಗಲೂ ಹಿಂದೆ ಬೀಳುತ್ತಾನೆ, ಸ್ವಲ್ಪ ಮಂದ ಎಂದು ಕೋಮಲ ಅವನಪ್ಪನಿಗೆ ಹೇಳಿ ಕಳಿಸಿದ್ದಳು. ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಯಾಕೋ ಸುಮ್ನಿದ್ದೀಯ?" ಎಂದು ಕೇಳಿದಳು.

"ಮಿಸ್, ಇದ್ರಲ್ಲಿ ಅಂಗಿಲ್ಲ" ಎಂದ ರಾಹುಲ್. ನಿಧಾನವಾಗಿ, ಒಂದೊಂದೇ ಪದಕ್ಕೆ ಉಸಿರು ತೆಗೆದುಕೊಂಡು, ದೋಣಿಯ ಸಾಲನ್ನು ಓದಿ ತೋರಿಸಿದ.

ಅಂಗಡಿಯಲ್ಲಿ ಅಪ್ಪನ ತೊಡೆಯ ಮೇಲೆ ಕೂತು, ಕಂಪ್ಯೂಟರಿನ ಮೇಲೆ ಕನ್ನಡದ್ದೋ ಇಂಗ್ಲಿಷಿನದೋ ಒಂದೊಂದೇ ಅಕ್ಷರ ಮೂಡಿ, ಹುಟ್ಟುಹಬ್ಬದ ಶುಭಾಶಯವೋ ಶ್ರದ್ಧಾಂಜಲಿಯೋ ಆಗುವುದನ್ನು ಅವನು ದಿನಾ ನೋಡುತ್ತಿದ್ದ. ಅವನಿಗೆ ಯಾರೂ ಕಲಿಸಿರಲಿಲ್ಲ. ಇಡೀ ತರಗತಿಯಲ್ಲಿ ನಿಜವಾಗಿ ಓದುತ್ತಿದ್ದವನು ಅವನೊಬ್ಬನೇ. ಹಾಗಾಗಿಯೇ ಅವನು ಹಿಂದೆ ಬೀಳುತ್ತಿದ್ದ.

ಮಧ್ಯಾಹ್ನ ಊಟ ಆದ ಮೇಲೆ ಕೋಮಲ ಮದನ್‌ನನ್ನು ಹತ್ತಿರ ಕರೆದಳು. ಚಿತ್ರಕ್ಕೆ ಕೈ ಅಡ್ಡ ಹಿಡಿದು ಒಂದು ಪದ ತೋರಿಸಿದಳು. ಅವನು ಪುಸ್ತಕದ ಕಡೆ ನೋಡಲಿಲ್ಲ, ಅವಳ ತುಟಿಯ ಕಡೆ ನೋಡಿದ.

"ಪುಸ್ತಕ ನೋಡು ಕಂದ."

"ಮಿಸ್, ನೀವು ಮೊದಲ್ನೇದು ಏಳ್ಕೊಡಿ. ಆಮೇಲೆ ಅದೇ ಬತ್ತದೆ."

ಆ ಮಾತನ್ನು ಅವನು ಏನೂ ಮುಚ್ಚಿಡದೆ, ಸ್ನೇಹದಿಂದ ಹೇಳಿದ. ಓದುವುದು ಅಂದರೆ ಹಾಗೇ ಎಂದು ಅವನು ತಿಳಿದಿದ್ದ. ಹಾಗೆಂದು ಅವನಿಗೆ ತಿಳಿಸಿಕೊಟ್ಟವಳು ತಾನೇ ಎಂಬುದು ಕೋಮಲಳಿಗೆ ಹೊಳೆದಾಗ ಅವನ ಮುಖ ನೋಡಲಾಗಲಿಲ್ಲ.

ಗಂಡ ಮಾದೇಶ್ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಂಜೆ ಅವನು ಬಂದು ಕಾಫಿ ಕುಡಿಯುವಾಗ ನಡೆದದ್ದನ್ನು ಹೇಳಿದಳು. "ಬಾಯಿಪಾಠ ಆದ್ರೂ ಏನೋ ಒಂದು ಬಂದದಲ್ಲ ಬಿಡು, ದೊಡ್ಡೋರಾದಂಗೆ ಸರಿಹೋಗ್ತಾರೆ" ಎಂದ. ಸರಿಹೋಗುತ್ತಾರೆಯೆ ಎಂದು ನೋಡಲು ಅವಳು ಮಾರನೆಯ ವಾರ ಮಹಡಿ ಹತ್ತಿದಳು. ತಾನು ಓದಿಸಿ ಕಳಿಸಿದ್ದ ಹಳೆಯ ಮಕ್ಕಳು ಈಗ ಮೂರು, ನಾಲ್ಕನೇ ಕ್ಲಾಸಿನಲ್ಲಿದ್ದರು. ಕೆಲವರು ಚೆನ್ನಾಗಿ ಓದಿದರು. ಕೆಲವರು ಪಾಠದ ಪ್ರಶ್ನೋತ್ತರವನ್ನು ಗಳಗಳನೆ ಒಪ್ಪಿಸಿ, ಗೊತ್ತಿಲ್ಲದ ಪುಟ ಕೊಟ್ಟಾಗ ಸುಮ್ಮನೆ ನಿಂತರು. ಅವರು ನಿಂತ ರೀತಿ ಅವಳಿಗೆ ಮರೆಯಲಾಗಲಿಲ್ಲ. ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ, ತಮ್ಮದೇ ಏನೋ ತಪ್ಪಿದೆ ಎನ್ನುವಂತೆ.

ಬಸವಪ್ರಸಾದ್ ಕೆಟ್ಟ ಮನುಷ್ಯನಲ್ಲ. ಅವಳು ಹೇಳಿದ್ದನ್ನೆಲ್ಲ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡ.

"ನೀವು ಹೇಳೋದು ನಿಜ ಇರಬಹುದು ಮಿಸ್. ಆದ್ರೆ ಪೇರೆಂಟ್ಸ್ ಬಂದು ಕೂತರೆ ಮೊದಲು ಕೇಳೋದು, ಯಾವಾಗ ಓದ್ತಾನೆ ಅಂತ. ಆಟ ಆಡಿಸ್ತೀವಿ, ಕತೆ ಹೇಳ್ತೀವಿ ಅಂದ್ರೆ, ಅದು ಅಂಗನವಾಡೀಲೂ ಮಾಡ್ತಾರಲ್ಲ ಸಾ ಅಂತಾರೆ."

"ದಸರಾ ರಜೆ ತನಕ ನನಗೆ ಬಿಡಿ ಸಾರ್. ಯುಕೆಜಿ ಒಂದನ್ನ."

ಅವನು ಒಪ್ಪಿದ. ವಾರ್ಷಿಕೋತ್ಸವಕ್ಕೆ ಮಾತ್ರ ಏನಾದರೂ ಇಂಗ್ಲಿಷಿನಲ್ಲಿ ಹೇಳಿಸಲೇಬೇಕು ಎಂದ. "ಹಾಡು ಅಂತ ಹೇಳಿಸ್ತೀನಿ. ಓದು ಅಂತ ಕರೆಯಲ್ಲ" ಎಂದಳು ಕೋಮಲ.

ರೀಡರುಗಳು ಬೀರು ಸೇರಿದವು. ಬೆಳಿಗ್ಗೆ ಬಂದ ಕೂಡಲೇ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಕತೆಯ ಪುಸ್ತಕ ಓದುವುದು, ಓದಿದ ಮೇಲೆ ಮಾತಾಡಿಸುವುದು. ಮದನ್ ಎಂಬ ಹೆಸರಿನಲ್ಲಿ ಎಷ್ಟು ಚಪ್ಪಾಳೆ, ಪುಟ್ಟಬಸಮ್ಮ ಎಂಬ ಹೆಸರಿನಲ್ಲಿ ಎಷ್ಟು ಚಪ್ಪಾಳೆ ಎಂದು ತಟ್ಟಿಸುವುದು. ಮಕಾರದಿಂದ ಶುರುವಾಗುವ ಸಾಮಾನನ್ನು ಕೋಣೆಯಲ್ಲೆಲ್ಲ ಹುಡುಕಿಸುವುದು. ಮಕ್ಕಳಿಗೆ ಇದು ಹಿಡಿಸಿತು. ವ್ಯಾನು ಇಳಿಯುವಾಗಿನ ಅಳು ಕಡಿಮೆಯಾಯಿತು.

ಬ್ಯಾಗಿನೊಳಗಿನ ಬರೆಯುವ ಪುಸ್ತಕಗಳು ಖಾಲಿಯಿದ್ದದ್ದು ಮನೆಯವರಿಗೆ ಹಿಡಿಸಲಿಲ್ಲ. ಒಂದು ಶನಿವಾರ ಪುಟ್ಟಬಸಮ್ಮನೇ ವ್ಯಾನಿನಲ್ಲಿ ಮೊಮ್ಮಗನ ಜೊತೆ ಬಂದಿಳಿದರು.

"ಯಾಕ್ ಮಿಸ್, ನಿಮ್ಗೆ ಮೈ ಉಷಾರಿಲ್ವಾ?" ಎಂದು ಶುರುಮಾಡಿದರು. "ಓದ್ ವರ್ಸ ಕೂಸು ಮನೇಗ್ ಬಂದ್ರೆ ಪುಸ್ತಕ ಇಡ್ಕಂಡು ಗಳಗಳ ಅಂತಿತ್ತು. ಈ ವರ್ಸ ಕೇಳುದ್ರೆ, ಮಿಸ್ಸು ಕತೆ ಏಳುದ್ರು, ನಾವು ಚಪ್ಪಾಳೆ ಒಡುದ್ವು ಅಂತದೆ. ಬಂದಿದ್ದೂ ಮರ್ತೋಯ್ತದೆ ಅಲ್ವಾ?"

"ಬಂದಿರಲಿಲ್ಲ ಅಮ್ಮ" ಎಂದಳು ಕೋಮಲ. ಅಜ್ಜಿಗೆ ಅದು ಅರ್ಥವಾಗಲಿಲ್ಲ. ತಾವೇ ಕಣ್ಣಾರೆ ನೋಡಿದ್ದನ್ನು ಇಲ್ಲ ಎನ್ನುತ್ತಾಳಲ್ಲ ಎಂದುಕೊಂಡು ಎದ್ದು ಹೋದರು. ಆದರೆ ಮದನ್‌ನನ್ನು ಬಿಡಿಸಲಿಲ್ಲ. ಬೇರೆ ಕೆಲವರು ಬಿಡಿಸಿದರು. ದಸರೆಗೆ ಮುಂಚೆಯೇ ಯುಕೆಜಿಯ ಎರಡು ಬೆಂಚು ಖಾಲಿಯಾದವು. ಬಸವಪ್ರಸಾದ್ ದಿನಾ ಬಂದು ಬಾಗಿಲಲ್ಲಿ ನಿಂತು ಆ ಬೆಂಚುಗಳನ್ನು ನೋಡಿ ಹೋಗುತ್ತಿದ್ದ.

ರಜೆಗೆ ಕೋಮಲ ಮಗಳು ಕವನಳನ್ನು ಕರೆದುಕೊಂಡು ಹೆಡತಲೆಗೆ ಹೋದಳು. ಕವನ ಆಗ ಎಲ್‌ಕೆಜಿ. ಮನೆಯಲ್ಲಿ ಅವಳಿಗೆ ತಿದ್ದಿಸುವುದನ್ನೂ ಕೋಮಲ ನಿಲ್ಲಿಸಿದ್ದಳು. ಮೊಮ್ಮಗಳನ್ನು ಪಕ್ಕ ಕೂರಿಸಿಕೊಂಡು ಪೇಪರಿನ ದಪ್ಪ ಅಕ್ಷರ ತೋರಿಸಿದ ಮಹದೇವಯ್ಯ, ಅವಳು ಉತ್ತರ ಹೇಳದೆ ಕೋಳಿಮರಿಯ ಹಿಂದೆ ಓಡಿದಾಗ ಮಗಳ ಕಡೆ ತಿರುಗಿದ.

"ಏನವ್ವ ಇದು. ನಿಂಗೆ ಈ ವಯ್ಸಿಗೆ ಒತ್ತಕ್ಸರ ಬತ್ತಿತ್ತು."

ಕೋಮಲ ಎಲ್ಲವನ್ನೂ ಹೇಳಿದಳು. ಅವ್ವ ಗೋವಿಂದಮ್ಮ ಮೊರದಲ್ಲಿ ಹುರುಳಿ ಕೇರುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಮಹದೇವಯ್ಯ ಕೇಳುತ್ತಾ ಕೇಳುತ್ತಾ ಪೇಪರನ್ನು ಮಡಚಿ, ಇನ್ನೊಂದು ಸಲ ಮಡಚಿ, ಅಂಗೈ ಅಗಲ ಮಾಡಿದ.

"ಬಾಯಿಪಾಠ ಬ್ಯಾಡ, ಸರಿ. ಆದ್ರೆ ಅವುಕ್ಕೆ ಬಂದಾಗ ಬರ್ಲಿ ಅಂತ ಕಾಯೋದು ಯಾರ್ಗೆ ಚೆಂದ ಗೊತ್ತಾ? ಮನೆ ತುಂಬ ಪುಸ್ತಕ ಮಡಗಿರೋರ್ಗೆ. ಅವ್ರ ಐಕ್ಳು ಏಳಕ್ಕಾದ್ರೂ ಕಲೀತವೆ, ಎಂಟಕ್ಕಾದ್ರೂ ಕಲೀತವೆ. ಬ್ಯಾಡ ಅಂದ್ರೂ ಓದು ಅವುನ್ನ ಬಿಡಾಕಿಲ್ಲ. ನಮ್ ಕೇರಿ ಐಕ್ಳು ಅಂಗಲ್ಲ ಕಣವ್ವ. ನಮ್ಗೆ ಕಾಯಿ ಅಂತ ಏಳ್ದೋರೇ ಜಾಸ್ತಿ."

"ನೀನೇ ಹದಿನಾರಕ್ಕೆ ಕಲ್ತೆ ಅಲ್ವಾಪ್ಪ. ಒಂದು ಮಳೆಗಾಲದಲ್ಲಿ ಕಲ್ತೆ ಅಂತ ನೀನೇ ಹೇಳ್ತಿದ್ದೆ."

"ಕಲ್ತೆ. ಕಲ್ತ್ಮೇಲೆ ಏನಾಯ್ತು ಅಂತ ನೀನು ಕೇಳ್ನಿಲ್ಲ, ನಾನೂ ಏಳ್ನಿಲ್ಲ."

ಸಾಮಿಲ್ಲಿನಲ್ಲಿ ಪ್ರತಿ ದಿಮ್ಮಿಯ ತುದಿಗೆ ಅದರ ಒಡೆಯನ ಹೆಸರಿನ ಮೊದಲ ಅಕ್ಷರವನ್ನು ಕೆಂಪು ಬಣ್ಣದಲ್ಲಿ ಬರೆದಿರುತ್ತಿದ್ದರು. ಯಾರ ದಿಮ್ಮಿ ಯಾರ ಗಾಡಿಗೆ ಎಂದು ತಿಳಿಯದೆ ಬೈಸಿಕೊಂಡು ಬೈಸಿಕೊಂಡು, ಮಹದೇವಯ್ಯ ಆ ಗುರುತುಗಳನ್ನು ನೆನಪಿಟ್ಟುಕೊಂಡ. ಅವೇ ಗುರುತು ಟೀ ಅಂಗಡಿಯ ಪೇಪರಿನಲ್ಲೂ ಕಂಡವು. ಕಂಡದ್ದನ್ನು ಕೇಳಿ ಕೇಳಿ ಕೂಡಿಸಿಕೊಂಡ. ಇಷ್ಟು ಕೋಮಲಳಿಗೆ ಗೊತ್ತಿದ್ದ ಕತೆ. ಗೊತ್ತಿಲ್ಲದ್ದು ಮುಂದಿನದು. ಓದಲು ಬಂದ ಹುಮ್ಮಸ್ಸಿನಲ್ಲಿ ಅವನು ಒಂದು ದಿನ ಒಗೆದ ಅಂಗಿ ತೊಟ್ಟು ಸ್ಕೂಲಿಗೆ ಹೋಗಿದ್ದ. ಹೆಡ್‌ಮೇಷ್ಟ್ರು ಒಳ್ಳೆಯವರು. ಪಾಠ ಓದಿಸಿ ನೋಡಿ ಮೆಚ್ಚಿಕೊಂಡರು, ಟೀ ತರಿಸಿ ಕೊಟ್ಟರು. ಆಮೇಲೆ, ನಿನ್ನ ಎಲ್ಲಿ ಕೂರಿಸ್ಲಿ ಮಾರಾಯ, ಒಂದನೇ ಕ್ಲಾಸಿನ ಮಣೆ ಮೇಲೆ ನೀನು ಹಿಡಿಸಲ್ಲ, ಹತ್ತನೇ ಕ್ಲಾಸಿಗೆ ನೀನು ಬರೋಕಾಗಲ್ಲ ಎಂದರು.

"ಓದೋಕೆ ಬಂತು ಕಣವ್ವ" ಎಂದ ಮಹದೇವಯ್ಯ. "ಓದು ಮಾತ್ರ ಆಗ್ನಿಲ್ಲ. ಮಕ್ಳು ಕಾಯಬೌದು. ಇಸ್ಕೂಲು ಯಾರ್ಗೂ ಕಾಯಾಕಿಲ್ಲ."

ಮಾರನೆಯ ದಿನ ನಂಜನಗೂಡಿನಿಂದ ನರಸೀಪುರಕ್ಕೆ ಬರುವ ಬಸ್ಸಿನಲ್ಲಿ ಕವನ ತೊಡೆಯ ಮೇಲೆ ಮಲಗಿದ್ದಳು. ಕೋಮಲಳ ತಲೆಯಲ್ಲಿ ಆ ಮಾತೇ ತಿರುಗುತ್ತಿತ್ತು. ಮಗು ಯಾವಾಗ ಓದಬೇಕು ಎಂದು ಇಷ್ಟು ದಿನ ಅವಳು ಯೋಚಿಸಿದ್ದೆಲ್ಲ ಮಗುವಿನ ವಯಸ್ಸಿನ ಲೆಕ್ಕದಲ್ಲಿ. ಗಡುವು ಇದ್ದದ್ದು ಮಗುವಿನಲ್ಲಲ್ಲ, ಸ್ಕೂಲಿನಲ್ಲಿ. ಮೂರನೇ ಕ್ಲಾಸಿನ ಪುಸ್ತಕ, ಮಗು ಓದುತ್ತದೆ ಎಂದುಕೊಂಡೇ ಬರೆದದ್ದು. ಸಮಾಜ, ಪರಿಸರ, ಲೆಕ್ಕ, ಎಲ್ಲವೂ ಹಾಗೆಯೇ. ಅಷ್ಟರೊಳಗೆ ಓದು ಬಾರದ ಮಗುವನ್ನು ಅಲ್ಲಿ ಯಾರೂ ಹಿಂದಿರುಗಿ ನೋಡುವುದಿಲ್ಲ. ಬೇಗ ತುರುಕುವುದೂ ತಪ್ಪು. ಬಿಟ್ಟುಬಿಟ್ಟು ಮೇಲಿನ ಕ್ಲಾಸಿಗೆ ದಾಟಿಸುವುದು ಅದಕ್ಕಿಂತ ದೊಡ್ಡ ತಪ್ಪು. ಹಾಗಾದರೆ ಓದು ಬರುವವರೆಗೆ ಯಾರಾದರೊಬ್ಬರು ಮಗುವಿನ ಜೊತೆಗೇ ಇರಬೇಕು.

ದಸರೆಯ ಗಡುವು ಮುಗಿದ ಮೇಲೂ ಬಸವಪ್ರಸಾದ್ ಅವಳನ್ನು ತಡೆಯಲಿಲ್ಲ. ಮಾರ್ಚಿ ತಿಂಗಳಲ್ಲಿ ಒಂದನೇ ಕ್ಲಾಸಿನ ಮಿಸ್ ಕೆಲಸ ಬಿಡುತ್ತಾರೆಂದು ಗೊತ್ತಾದಾಗ ಅವಳು ಬಸವಪ್ರಸಾದನ ಮುಂದೆ ಹೋಗಿ ನಿಂತಳು.

"ಈ ಮಕ್ಕಳ ಜೊತೆ ನಾನೂ ಒಂದನೇ ಕ್ಲಾಸಿಗೆ ಹೋಗ್ತೀನಿ ಸಾರ್. ಆಮೇಲೆ ಎರಡನೇದಕ್ಕೂ."

"ಎಲ್‌ಕೆಜಿಗೆ ನಿಮ್ಮ ಹೆಸರು ನೋಡಿ ಬರೋರು ಇದ್ದಾರಲ್ಲ ಮಿಸ್."

"ನನ್ನ ಹೆಸರು ನೋಡಿ ಬಂದೋರಿಗೆ ಓದೋಕೆ ಬರಬೇಕಲ್ಲ ಸಾರ್."

ಬಸವಪ್ರಸಾದನ ಅಣ್ಣನ ಮಗನೂ ಆ ಯುಕೆಜಿಯಲ್ಲೇ ಇದ್ದ. ಅದೋ, ಬೇರೆ ಟೀಚರ್ ಸಿಗದೇ ಇದ್ದದ್ದೋ, ಅಂತೂ ಒಪ್ಪಿದ.

ಒಂದನೇ ಕ್ಲಾಸಿನಲ್ಲಿ ಅವಳು ಕನ್ನಡ ಓದಿನಿಂದ ಶುರುಮಾಡಿದಳು. ಮಗುವಿಗೆ ಬರುವ ಭಾಷೆಯಲ್ಲೇ ಮೊದಲು ಓದು ಹಿಡಿಯಲಿ, ಇಂಗ್ಲಿಷ್ ಅದರ ಕೈಹಿಡಿದು ಬರಲಿ ಎಂಬ ಲೆಕ್ಕ. ಅಲ್ಲೂ ಅಡ್ಡಿಯೊಂದು ಕಾದಿತ್ತು. ಬೋರ್ಡಿನ ಮೇಲೆ 'ಹಾಲು' ಎಂದು ಬರೆದು ನಯನ ಎಂಬ ಹುಡುಗಿಯನ್ನು ಕೇಳಿದಳು. ನಯನ ಪಕ್ಕದ ಚಿತ್ರ ನೋಡಿ, "ಆಲು" ಎಂದಳು.

"ಮೊದಲ ಅಕ್ಷರ ಯಾವುದು ನೋಡು."

ನಯನ ನೋಡಿದಳು. "ಅದು ಇಸ್ಕೂಲ್ ಅಕ್ಸರ ಮಿಸ್" ಎಂದಳು. "ನಮ್ಮನೇಲಿ ಅದಿಲ್ಲ."

ಬೇರೆ ಯಾರಾದರೂ ನಗುತ್ತಿದ್ದರೇನೋ. ಕೋಮಲ ನಗಲಿಲ್ಲ. ಹೈಸ್ಕೂಲಿಗೆ ಹೋಗುವವರೆಗೆ ಅವಳ ಬಾಯಲ್ಲೂ ಆ ಅಕ್ಷರ ಇರಲಿಲ್ಲ. ಪೇಪರ್ ಓದುವಾಗ ಕಣ್ಣಿಗೆ ಕಾಣುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿ 'ಹಳ್ಳಿ' ಎನ್ನಲು ಹೋಗಿ 'ಅಳ್ಳಿ' ಎಂದಾಗ ಇಡೀ ಕ್ಲಾಸು ನಕ್ಕಿತ್ತು. ಮಕ್ಕಳು ಮನೆಯಿಂದ ತಂದ ಮಾತು ಒಂದು, ಪುಸ್ತಕ ಕೇಳುವ ಮಾತು ಇನ್ನೊಂದು. ಎರಡರ ನಡುವೆ ಯಾರೂ ಹಲಗೆ ಹಾಕಿ ಕೊಡುವುದಿಲ್ಲ.

ಅವಳು ಬೋರ್ಡನ್ನು ಒರೆಸಿ, "ನೀನೇ ಒಂದು ಮಾತು ಹೇಳು, ನಾನು ಬರೀತೀನಿ" ಎಂದಳು. ನಯನ ಯೋಚಿಸಿ, "ನಮ್ಮಜ್ಜಿ ಆಲು ಕರೀತದೆ" ಎಂದಳು. ಕೋಮಲ ಅದನ್ನು ಇದ್ದಂತೆಯೇ ಬರೆದಳು. ಅದರ ಕೆಳಗೆ, 'ನಮ್ಮ ಅಜ್ಜಿ ಹಾಲು ಕರೆಯುತ್ತಾಳೆ' ಎಂದು ಬರೆದಳು. "ಮೇಲಿಂದು ಮನೆ ಮಾತು. ಕೆಳಗಿಂದು ಪುಸ್ತಕದ ಮಾತು. ಎರಡೂ ನಿಮ್ಮವೇ" ಎಂದಳು.

ಅಂದಿನಿಂದ ಪ್ರತಿದಿನ ಇಬ್ಬರು ಮೂವರ ಮಾತು ಬೋರ್ಡಿನ ಮೇಲೆ ಬರುತ್ತಿತ್ತು. ಮೇಷ್ಟ್ರುಗಳ ಕೋಣೆಯಲ್ಲಿ, ಕೋಮಲ ಮಿಸ್ ತಪ್ಪು ಕನ್ನಡ ಕಲಿಸುತ್ತಾರೆ ಎಂಬ ಮಾತು ಎದ್ದಿತು. ಅವಳ ಕಿವಿಗೂ ಬಿತ್ತು. ವಿವರಿಸಲು ಹೋದಳು, ಯಾರೂ ಪೂರ್ತಿ ಕೇಳಲಿಲ್ಲ. ಆಮೇಲೆ ವಿವರಿಸುವುದನ್ನು ಬಿಟ್ಟಳು.

ಮಕ್ಕಳು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಓದಿದರು. ರಾಹುಲ್ ಮೊದಲೇ ಓದುತ್ತಿದ್ದ. ಕೆಲವರಿಗೆ ದೀಪಾವಳಿ ಹೊತ್ತಿಗೆ ಬಂತು, ಕೆಲವರಿಗೆ ಬೇಸಿಗೆಯ ಹೊತ್ತಿಗೆ. ಎಲ್ಲರಿಗಿಂತ ಕಷ್ಟವಾದದ್ದು ಮದನ್‌ಗೆ. ಏನೂ ಬಾರದ ಮಗು ಸೊನ್ನೆಯಿಂದ ಶುರುಮಾಡುತ್ತದೆ. ಅವನು ಓದಲು ಬರುತ್ತದೆ ಎಂದು ನಂಬಿದ್ದವನು. ಈಗ ಬರುವುದಿಲ್ಲ ಎಂದು ಗೊತ್ತಾಗಿ, ಅದನ್ನು ಮುಚ್ಚಿಡುವುದರಲ್ಲಿ ಬುದ್ಧಿಯನ್ನೆಲ್ಲ ಖರ್ಚು ಮಾಡುತ್ತಿದ್ದ. ಬಾತ್‌ರೂಮಿಗೆ ಹೋಗುತ್ತಿದ್ದ. ಪಕ್ಕದವರ ದನಿ ಹಿಡಿದು ಅರ್ಧ ಉಸಿರು ತಡವಾಗಿ ಹೇಳುತ್ತಿದ್ದ. ಕೋಮಲ ಅವನನ್ನು ಹಿಡಿದು ನಿಲ್ಲಿಸಲಿಲ್ಲ, ಬಿಟ್ಟೂ ಬಿಡಲಿಲ್ಲ. ದಿನಾ ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿ ಹೇಳುತ್ತಿದ್ದಳು, ಅಷ್ಟೇ.

ಎರಡನೇ ಕ್ಲಾಸಿನ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮುಡುಕುತೊರೆ ವ್ಯಾನು ತಡವಾಗಿ ಬಂತು. ಅಂದು ಬೋರ್ಡಿಗೆ ಮಾತು ಕೊಡಲು ಮದನ್ ತಾನಾಗಿಯೇ ಕೈಯೆತ್ತಿದ. "ವ್ಯಾನು ಪಂಚರ್ ಆಯ್ತು. ನಾವೆಲ್ಲ ಕೆಳಕ್ಕಿಳ್ದು ಕಬ್ಬು ಮುರ್ಕಂಡು ತಿಂದ್ವು. ಡ್ರೈವರಣ್ಣನೂ ತಿಂದ."

ಮಾರನೆಯ ದಿನವೂ ಆ ಮಾತು ಬೋರ್ಡಿನ ಮೇಲಿತ್ತು. ಅವನು ಅದರ ಮುಂದೆ ನಿಂತು ಒಂದೊಂದೇ ಪದ ಗುರುತಿಸುತ್ತಾ ಬಂದವನು 'ಕಬ್ಬು' ಬಂದಾಗ ನಿಂತ. ತಲೆ ತಿರುಗಿಸಿ ಗೋಡೆಯ ಮೇಲಿದ್ದ ಮುಖದ ಚಾರ್ಟನ್ನು ನೋಡಿದ. ಕಣ್ಣು, ಮೂಗು, ಕಿವಿ, ಹುಬ್ಬು.

"ಮಿಸ್, ಇಲ್ಲಿರೋ ಬ್ಬು ಅಲ್ಲೂ ಅದೆ" ಎಂದ. ಚಾರ್ಟಿನ ಹತ್ತಿರ ಹೋಗಿ ಆ ಅಕ್ಷರವನ್ನು ಮುಟ್ಟಿದ. ಅದರ ಹಿಂದಿನದನ್ನು ಸ್ವಲ್ಪ ಹೊತ್ತು ನೋಡಿದ. "ಹು... ಹುಬ್ಬು. ಮಿಸ್, ಇದು ಹುಬ್ಬು."

"ಹೌದು, ಹುಬ್ಬು" ಎಂದಳು ಕೋಮಲ. ಅವನು ಆ ಮಧ್ಯಾಹ್ನವೆಲ್ಲ ಗೋಡೆಗಳ ಮೇಲೆ ಬರೆದಿದ್ದನ್ನು ಹುಡುಕಿಕೊಂಡು ಓಡಾಡಿದ. ಕೆಲವನ್ನು ಬಿಡಿಸಿಕೊಂಡ, ಕೆಲವು ಅವನಿಗೆ ಬಗ್ಗಲಿಲ್ಲ.

ಅಕ್ಟೋಬರಿನ ಪೋಷಕರ ಸಭೆಗೆ ಪುಟ್ಟಬಸಮ್ಮ ಬಂದರು. ಮೊಮ್ಮಗ ಎದುರಿಗೇ ಒಂದು ಪುಟ ಓದಿದ. ನಡುವೆ ನಾಲ್ಕಾರು ಸಲ ನಿಂತ, ಒಂದು ಕಡೆ ಹಿಂದಕ್ಕೆ ಹೋಗಿ ತಿದ್ದಿಕೊಂಡ. ಅಜ್ಜಿ ಅವನು ಹೊರಗೆ ಓಡುವವರೆಗೆ ಕಾದು ಕೇಳಿದರು.

"ಮೊದ್ಲು ನೀರ್ ಕುಡ್ದಂಗೆ ಓದ್ತಿದ್ದ. ಈಗ ಎಣಿಸ್ಕಂಡು ಎಣಿಸ್ಕಂಡು ಓದ್ತಾನಲ್ಲ ಮಿಸ್?"

"ಈಗ ಓದ್ತಿದ್ದಾನೆ ಅಮ್ಮ."

"ಅಂಗಾರೆ ಆವತ್ತು ಸ್ಟೇಜ್ ಮ್ಯಾಲೆ?"

"ಅದು ಹಾಡು. ನಾನು ಹೇಳ್ಕೊಟ್ಟ ಹಾಡು."

ಪುಟ್ಟಬಸಮ್ಮ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ತಮ್ಮ ಮನೆಯ ಟಿವಿಯ ಮೇಲೆ ಆ ದಿನದ ಫೋಟೊ ಕಟ್ಟು ಹಾಕಿಸಿ ಇಟ್ಟಿದ್ದಾರೆಂದು ಕೋಮಲಳಿಗೆ ಗೊತ್ತಿತ್ತು.

"ಚೆಂದಾಗಿತ್ತು" ಎಂದರು ಕೊನೆಗೆ. ಎದ್ದು, ಬಾಗಿಲ ತನಕ ಹೋಗಿ, "ಈ ಮುಂಡೇದು ನೆನ್ನೆ ಗೊಬ್ಬುರದ ಮೂಟೆ ಮ್ಯಾಲೆ ಬರ್ದಿರೋದ್ನ ಓದಿ, ಅಜ್ಜಿ ಇದು ಮಕ್ಳು ಮುಟ್ಬಾರ್ದಂತೆ ಅಂತ ನಂಗೇ ಏಳ್ತು" ಎಂದು ಹೇಳಿ ಹೋದರು.

ಎಲ್ಲವೂ ಕೋಮಲ ಅಂದುಕೊಂಡಂತೆ ಆಯಿತೆಂದಲ್ಲ. ಯುಕೆಜಿಯಲ್ಲಿ ಬಿಟ್ಟು ಬೇರೆ ಶಾಲೆಗೆ ಹೋಗಿದ್ದ ಒಬ್ಬ ಹುಡುಗಿ ಒಂದು ದಿನ ಅಂಗಡಿ ಬೀದಿಯಲ್ಲಿ ಸಿಕ್ಕಳು. ಅಲ್ಲಿ ಬೆಳಗ್ಗೆ ಸಂಜೆ ಉಜ್ಜಿ ಉಜ್ಜಿ ಕಲಿಸಿದ್ದರು. ಅವಳು ಮದನ್‌ಗಿಂತ ಎಷ್ಟೋ ಚೆನ್ನಾಗಿ, ಬಿಸ್ಕತ್ತಿನ ಪೊಟ್ಟಣದ ಇಂಗ್ಲಿಷನ್ನೂ ಓದಿ ತೋರಿಸಿ, ಅದರ ಅರ್ಥವನ್ನೂ ಹೇಳಿದಳು. ಕೋಮಲ ಅವಳ ಬೆನ್ನು ತಟ್ಟಿ ಮನೆಗೆ ಬಂದಳು. ತನ್ನ ದಾರಿಯೊಂದೇ ದಾರಿ ಎಂದು ಅಂದಿನಿಂದ ಅವಳು ಯಾರಿಗೂ ಹೇಳಿಲ್ಲ. ಇತ್ತ ನಯನ ಎರಡನೇ ಕ್ಲಾಸು ಮುಗಿದರೂ ಪೂರ್ತಿ ಓದುತ್ತಿರಲಿಲ್ಲ. ಕೋಮಲ ಹೊಸ ಮಕ್ಕಳಿಗಾಗಿ ಮತ್ತೆ ಕೆಳಗಿನ ಕ್ಲಾಸಿಗೆ ಬಂದ ಮೇಲೂ ನಯನ ಊಟದ ಡಬ್ಬಿ ಹಿಡಿದು ಅವಳ ಬಳಿಗೇ ಬರುತ್ತಾಳೆ. ಇಬ್ಬರೂ ತಿನ್ನುತ್ತಾ ಒಂದಿಷ್ಟು ಓದುತ್ತಾರೆ.

ಬಸವಪ್ರಸಾದ್ ಈಗಿನ ಫ್ಲೆಕ್ಸಿನಲ್ಲಿ 'ಎರಡನೇ ತರಗತಿಯವರೆಗೆ ಒಬ್ಬರೇ ಶಿಕ್ಷಕಿ' ಎಂದು ಹಾಕಿಸಿದ್ದಾನೆ. ಅಡ್ಮಿಶನ್ನಿಗೆ ಬಂದವರು ಈಗಲೂ ಯಾವಾಗ ಓದ್ತಾನೆ ಎಂದೇ ಕೇಳುತ್ತಾರೆ. "ಹೇಳಕ್ಕಾಗಲ್ಲ. ಓದೋ ತನಕ ನಾನಿರ್ತೀನಿ" ಎನ್ನುತ್ತಾಳೆ ಕೋಮಲ. ಕೆಲವರಿಗೆ ಅದು ಸಾಕಾಗುತ್ತದೆ.

ಕವನ ಓದಲು ಕಲಿತದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ನಿಖರವಾಗಿ ಗೊತ್ತಿಲ್ಲ. ಒಂದನೇ ಕ್ಲಾಸಿನ ನಡುವೆ ಎಲ್ಲೋ, ಮಾದೇಶನ ಬೈಕಿನ ಹಿಂದೆ ಕೂತು ಹೋಗುವಾಗ, ಮುಂದಿನ ಲಾರಿಯ ಮೇಲೆ ಬರೆದಿದ್ದನ್ನು ಓದಿದ್ದಳು. ಆದರೆ ಓದಲು ಬಂದ ಮೇಲೂ ಅವಳು ಅಮ್ಮನನ್ನು ಬಿಡಲಿಲ್ಲ. ಕತೆ ಪುಸ್ತಕ ತಂದು ಮಡಿಲಿಗೆ ಹಾಕಿ, ನೀನೇ ಓದು ಎನ್ನುತ್ತಿದ್ದಳು.

ಕಳೆದ ದಸರೆಗೆ ಮಹದೇವಯ್ಯ ನರಸೀಪುರಕ್ಕೆ ಬಂದಿದ್ದ. ಮಧ್ಯಾಹ್ನ ಊಟ ಮುಗಿದು, ಕೋಮಲ ಗೋಡೆಗೊರಗಿ ಕೂತು ಮಗಳಿಗೆ ಓದುತ್ತಿದ್ದಳು. ಹೊಳೆಗೆ ಬಿದ್ದ ತನ್ನ ಕೊಡವನ್ನು ಹುಡುಕಿಕೊಂಡು ದಡದುದ್ದಕ್ಕೂ ನಡೆದು ಹೋಗುವ ಒಬ್ಬ ಮುದುಕಿಯ ಕತೆ.

"ಓದಕ್ಕೆ ಬತ್ತದಲ್ಲ ಅವ್ಳಿಗೆ. ಇನ್ನೂ ಯಾಕೆ ಓದಿ ಏಳ್ತೀಯ?" ಎಂದ ಮಹದೇವಯ್ಯ.

"ಕೇಳೋಕೆ ಚೆನ್ನಾಗಿರ್ತದೆ ತಾತ" ಎಂದಳು ಕವನ.

ಅವನು ಬಾಗಿಲ ಬಳಿಯ ಕುರ್ಚಿಯನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡು ಕೂತ. ತನ್ನ ಕಾಲದಲ್ಲಿ ಅವನು ಕೇರಿಗೆಲ್ಲ ಪೇಪರ್ ಓದಿ ಹೇಳಿದವನು. ಯಾರದೋ ಅರ್ಜಿ, ಯಾರದೋ ಕಾಗದ, ಎಲ್ಲವನ್ನೂ ಓದಿ ಹೇಳಿದವನು. ಅವನನ್ನು ಕೂರಿಸಿಕೊಂಡು ಓದಿ ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ. ಇದು ಕೋಮಲಳಿಗೆ ಓದುತ್ತಾ ಓದುತ್ತಾ ಹೊಳೆಯಿತು. ಅವಳು ದನಿಯನ್ನು ಸ್ವಲ್ಪ ಏರಿಸಿದಳು.

ಪುಟ ಮುಗಿಯುವ ಹೊತ್ತಿಗೆ ಒಲೆಯ ಮೇಲಿಟ್ಟಿದ್ದ ಹಾಲಿನ ನೆನಪಾಗಿ ಅವಳು ಪುಸ್ತಕ ಮುಚ್ಚಿ ಏಳಲು ಹೋದಳು.

ಮಹದೇವಯ್ಯ ಕುರ್ಚಿಯಿಂದ ಮುಂದಕ್ಕೆ ಬಗ್ಗಿದ್ದ.

"ಆಮ್ಯಾಲೆ?" ಎಂದ. "ಕೊಡ ಸಿಕ್ತಾ?"